ಬಾಗಿಲು ಮುಚ್ಚಿ ಅರ್ಧ ಗಂಟೆ

ಅಂಗವಿಕಲರ ಪುನರ್ವಸತಿ ಸಮಾಲೋಚನೆಯಲ್ಲಿ ಡಾಕ್ಟರೇಟ್‌ಗೆ ಸೇರಲು ಯಾದಗಿರಿಯ ನಜೀಮಾಗೆ ಒಂದೇ ಕೊರತೆಯಿತ್ತು. ಸ್ನಾತಕೋತ್ತರ ಪದವಿ, ಶಹಾಪುರದಲ್ಲಿ ಕೆಲಸದ ಅನುಭವ, ಗುರುಗಳ ಶಿಫಾರಸು ಎಲ್ಲ ಇದ್ದವು. ಪ್ರವೇಶ ಸಿಕ್ಕ ಮೇಲೆ ಸಂಶೋಧನೆ ಮಾಡಬೇಕು, ಹೊಸ ಸಮಾಲೋಚಕರಿಗೆ ಪಾಠ ಹೇಳಬೇಕು. ಅದಕ್ಕೂ ಅವಳು ತಯಾರಿದ್ದಳು. ಇಲ್ಲದ್ದು ಒಂದು ಧ್ವನಿಮುದ್ರಣ: ಸಲಹೆಗೆ ಬಂದವರ ಒಪ್ಪಿಗೆ ಪಡೆದು, ಅವರೊಬ್ಬರ ಜೊತೆಗೇ, ಬಾಗಿಲು ಮುಚ್ಚಿ ಅರ್ಧ ಗಂಟೆ ಆಡಿದ ಮಾತು.

ಸುರಪುರದಲ್ಲಿ ಹಗಲು ಹೊತ್ತು ಬಾಗಿಲು ಮುಚ್ಚಿದರೆ ಏನಾಯಿತೆಂದು ನೋಡಲು ಓಣಿಯೇ ಬರುತ್ತದೆ.

ಸಲಹೆ ನೀಡಲು ನಜೀಮಾ ಮನೆಗೇ ಹೋಗುತ್ತಿದ್ದ ಅಲ್ಲಿನ ಬಸವಲಿಂಗ ಲಾರಿ ಓಡಿಸುತ್ತಿದ್ದವನು. ಅಪಘಾತದಲ್ಲಿ ಬಲಗಾಲು ಹೋಗಿತ್ತು. ಅವನನ್ನು ಏನು ಕೇಳಿದರೂ ತಾಯಿ ಸುಗಲಮ್ಮನೇ ಉತ್ತರಿಸುತ್ತಿದ್ದಳು.

“ನಿದ್ದಿ ಬರ್ತದೇನ್ರಿ, ಬಸವಲಿಂಗ?”

“ಎಲ್ಲಿ ನಿದ್ದಿ ಬರ್ತದವಾ ಅವಂಗ!”

“ಏನರೆ ಕೆಲಸ ಮಾಡಬೇಕಂತ ಅನಸ್ತದೇನ್ರಿ?”

“ಕೆಲಸ ಯಾಕ? ನಾ ಸತ್ತೀನೇನು?”

ಪಕ್ಕದ ಮನೆಯ ಗೊಲ್ಲಾಳಮ್ಮ ಚಹಾ ತಂದಳು. ಕುಡಿಯುವವರೆಗೂ ಕೂತಳು, ಕುಡಿದ ಮೇಲೂ ಕೂತಳು.

ಅರ್ಜಿಯ ಕಡೆಯ ದಿನದ ಮುನ್ನಾದಿನ ನಜೀಮಾ, “ಅವ್ವಾ, ಇವತ್ತೊಂದಿನ ಗುಡಿಗಿ ಹೋಗಿ ಬರ್ರಿ,” ಎಂದು ಬೇಡಿಕೊಂಡಳು. ಸುಗಲಮ್ಮ ಹೊರಗಿನ ಕಟ್ಟೆಯ ಮೇಲೆ ಕೂತು ಅಲ್ಲಿಂದಲೇ ದೇವರಿಗೆ ಕೈಮುಗಿದಳು.

ಬಾಗಿಲು ಮುಚ್ಚಿತು. ಬಸವಲಿಂಗ ಒಪ್ಪಿದ ಮೇಲೆ ಮೊಬೈಲಿನಲ್ಲಿ ಮುದ್ರಣ ಶುರುವಾಯಿತು. ಅವನು ಎರಡೂ ಕೈ ಮುಂದೆ ಚಾಚಿದ.

“ಪಂಕ್ಚರ್ ಅಂಗಡಿ ಹಾಕಬೇಕಂತೀನ್ರಿ. ಕೈ ಎರಡೂ ಅದಾವಲ್ಲ.”

“ಚೊಲೋ ಆತಲ್ರಿ.”

“ನಿಮ್ಮ ಮುಂದ ಹೇಳೂದೇನು ದೊಡ್ಡದ್ರಿ, ನೀವು ಬಸ್ ಹತ್ತಿ ಹೋಗ್ತೀರಿ. ಹೇಳಬೇಕಾಗಿದ್ದು ಅವ್ವನ ಮುಂದ. ಕರೀರಿ ಆಕಿನ್ನ. ನೀವು ಬಾಜೂಕ ಇದ್ರ ಹೇಳ್ತೀನಿ.”

ನಜೀಮಾ ಮೊಬೈಲ್ ನೋಡಿದಳು. ಅರ್ಧ ಗಂಟೆ ಇನ್ನೂ ದೂರವಿತ್ತು. ಎದ್ದು ಬಾಗಿಲು ತೆಗೆದಳು.

ಸುಗಲಮ್ಮ ಬಂದಳು, ಹಿಂದೆ ಗೊಲ್ಲಾಳಮ್ಮ, ಅವಳ ಹಿಂದೆ ಚಹಾದ ವಾಸನೆ. ಮಾತು ಮುದ್ರಣವಾಗುತ್ತಿದೆ, ನಡೆಯುತ್ತದೆಯೇ ಎಂದು ನಜೀಮಾ ಕೇಳಿದ್ದಕ್ಕೆ ಇಬ್ಬರೂ ಒಪ್ಪಿದರು. ಗೊಲ್ಲಾಳಮ್ಮ ದನಿಯನ್ನೂ ಏರಿಸಿದಳು. ಬಸವಲಿಂಗ ಹೇಳಬೇಕಾದ್ದನ್ನು ಹೇಳಿದ. ಸುಗಲಮ್ಮ ಅತ್ತಳು, ಬೈದಳು, ಆಮೇಲೆ ಅಂಗಡಿಗೆ ನೆರಳು ಇರುತ್ತದೋ ಇಲ್ಲವೋ ಎಂದು ಕೇಳಿದಳು.

ನಜೀಮಾ ಆ ಮುದ್ರಣವನ್ನೇ ಅರ್ಜಿಯ ಜೊತೆ ಕಳಿಸಿದಳು. ಪ್ರವೇಶದ ಸಂದರ್ಶನದಲ್ಲಿ ಅಷ್ಟನ್ನೂ ಕೇಳಿಸಿಕೊಂಡವರು, ಕೆಲಸ ಚೆನ್ನಾಗಿದೆ, ನಿಯಮದಂತಿಲ್ಲ, ಮುಂದಿನ ವರ್ಷ ಬನ್ನಿ ಎಂದರು.

ಬಸವಲಿಂಗ ಶಹಾಪುರ ರಸ್ತೆಯ ಬೇವಿನ ಮರದ ಕೆಳಗೆ ಟ್ಯೂಬನ್ನು ನೀರಿಗೆ ಅದ್ದಿ ಗುಳ್ಳೆ ಹುಡುಕುತ್ತಿದ್ದಾಗ ನಜೀಮಾ ಬಂದಳು.

“ನಿಮ್ಮ ಸೀಟ್ ಏನಾತ್ರಿ?” ಎಂದು ಕೇಳಿದ.

ಪಕ್ಕದಲ್ಲೇ ಕೂತಿದ್ದ ಸುಗಲಮ್ಮ ಬಾಯಿ ಹಾಕಿದಳು. “ಆಗಿರ್ತದ ತಗೋ, ಅಷ್ಟು ಓದ್ಯಾಳ...”

“ಅವ್ವಾ, ನಾ ಅವ್ರಿಗಿ ಕೇಳೀನಿ.”

ಸುಗಲಮ್ಮ ನಜೀಮಾಳ ಕಡೆ ತಿರುಗಿದಳು.

“ಆಗಲಿಲ್ರಿ,” ಎಂದಳು ನಜೀಮಾ. “ಬರೂ ವರ್ಷ ಮತ್ತ ಹಾಕ್ತೀನಿ.”

ಬಸವಲಿಂಗ ಅವಳಿಗೆ ಕೂರಲು ಒಂದು ಹಳೆಯ ಟೈರು ಸರಿಸಿದ.