ಚಾಕ್ ಗುರುತು ಬಿದ್ದ ಬಾಗಿಲು

ನಾಚಾರಂನ ರಾಸಾಯನಿಕ ಕಾರ್ಖಾನೆಯೊಂದರ ಹಿಂದಿನ ಓಣಿಯಲ್ಲಿ ಹಂಪಮ್ಮನ ಮಾತಿಗೆ ಎದುರಿಲ್ಲ. ಯಾದಗಿರಿ ಕಡೆಯಿಂದ ಬಂದು ಹನ್ನೊಂದು ವರ್ಷದಿಂದ ಕಾಂಕ್ರೀಟ್ ಹೊರುತ್ತಿರುವ ಹೆಣ್ಣು. ಅವಳು ಕೆಳಗಿನಿಂದ ಒಂದು ಕೂಗು ಹಾಕಿದರೆ ಮೂರನೇ ಮಹಡಿಯ ಮೇಸ್ತ್ರಿ ಬೀಡಿ ಎಸೆದು ಬಗ್ಗಿ ನೋಡುತ್ತಾನೆ. ಅದಕ್ಕೇ ಕಾರ್ಖಾನೆಯ ಸುರಕ್ಷತಾ ಅಧಿಕಾರಿ ಸೀತಾರಾಮ, ಅನಿಲ ಸೋರಿದರೆ ಜನ ಹೇಗೆ ಪಾರಾಗಬೇಕೆಂಬ ತಾಲೀಮಿಗೆ ಅವಳನ್ನೇ ಓಣಿಯ ಮುಂದಾಳು ಮಾಡಿದ್ದ. ಮುಂದಾಳಿನ ಕೆಂಪು ಜಾಕೆಟ್ ತೊಟ್ಟ ದಿನ ಅವಳ ನಡಿಗೆಯೇ ಬೇರೆ.

ಹೋದ ಸಲ ಅವಳ ಓಣಿ ಜನ ಸೇರಬೇಕಾದ ಮೈದಾನವನ್ನು ಎಲ್ಲರಿಗಿಂತ ಕೊನೆಗೆ ಮುಟ್ಟಿತ್ತು. ಪಕ್ಕದ ಓಣಿಯವರು ಎರಡು ತಿಂಗಳು ನಕ್ಕರು. ತಡವಾಗಿದ್ದು ಅವಳ ಅತ್ತೆ ಗದಿಗೆಮ್ಮನಿಂದ. ಮುದುಕಿಗೆ ಮಂಡಿನೋವು, ಜೊತೆಗೆ ಮರೆವು. ಒಮ್ಮೆ ಮನೆ ಬಿಟ್ಟು ಹೋದವಳು ನಗರದ ಇನ್ನೊಂದು ತುದಿಯ ಮೆಹದಿಪಟ್ಟಣಂ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದಳು. ಅಂದಿನಿಂದ ಹಂಪಮ್ಮ ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕುತ್ತಿದ್ದಳು.

ಈ ಸಲ ತಾಲೀಮಿನ ದಿನವೂ ಹಾಕಿದಳು.

"ಅತ್ತಿ, ಇದು ಬರೇ ನಾಟಕ ಐತಿ. ನೀ ಒಳಗ ಕುಂದ್ರು, ನಾ ಈಗ ಬರ್ತೀನಿ."

ಹತ್ತು ಗಂಟೆಗೆ ಸೈರನ್ ಕೂಗಿತು. ಗೊತ್ತಿದ್ದರೂ ಎಲ್ಲರ ಎದೆ ಝಲ್ಲೆಂದಿತು. "ಮೂಗಿಗಿ ಹಸಿ ಬಟ್ಟಿ ಕಟ್ಕೋರಿ! ನಿಲ್ಲಬ್ಯಾಡ್ರಿ, ನಡೀರಿ!" ಎಂದು ಹಂಪಮ್ಮ ಕೂಗುತ್ತ ಮುಂದೆ ಹೋದಳು. ಪಕ್ಕದ ಮನೆಯ ರೇಣುಕಾ ಹಿಂದಿನಿಂದ ಬಾಗಿಲು ಬಾಗಿಲಿಗೂ ಚಾಕ್‌ನಿಂದ ಗುರುತು ಹಾಕುತ್ತ ಬಂದಳು. ಬಾಗಿಲು ತೆರೆದಿದ್ದರೆ ಒಳಗೆ ಇಣುಕಿ ಗುರುತು, ಬೀಗವಿದ್ದರೆ ಇಣುಕದೆಯೇ ಗುರುತು.

ಏಳೇ ನಿಮಿಷ! ಅವರ ಓಣಿಯೇ ಮೊದಲು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಭೇಷ್ ಹಂಪಮ್ಮ," ಎಂದ ಸೀತಾರಾಮ. "ಗುರುತು ಇದ್ದ ಮನೆ ಖಾಲಿ ಅಂತಲೇ ನಾವು ತಿಳ್ಕೊಳ್ಳೋದು. ನಿಜವಾಗಿ ಅನಿಲ ಸೋರಿದ ದಿನ ರಕ್ಷಣಾ ತಂಡದವರು ಆ ಬಾಗಿಲು ತಟ್ಟೋದೂ ಇಲ್ಲ."

ಹಂಪಮ್ಮನ ಕೈ ಚಪ್ಪಾಳೆಯ ನಡುವೆಯೇ ನಿಂತಿತು. ಅಂಥ ದಿನ ತಾನು ದೂರದ ಕೂಕಟ್‌ಪಲ್ಲಿಯ ಯಾವುದೋ ಕಟ್ಟಡದ ಮೇಲಿರುತ್ತೇನೆ, ಬೀಗದ ಕೈ ತನ್ನ ಸೊಂಟದಲ್ಲಿರುತ್ತದೆ. ಮೈದಾನದ ಸುತ್ತ ಕಟ್ಟಿದ್ದ ಹಗ್ಗ ದಾಟಿ ಮನೆಯತ್ತ ಓಡಿದಳು.

"ವಾಪಸ್ ಹೋಗಬಾರದು! ಹಂಪಮ್ಮ, ನಿಲ್ಲಿ!" ಎಂದು ಸೀತಾರಾಮ ಕೂಗಿದ.

ಯಾರು ಕೇಳುತ್ತಾರೆ? ಸೈರನ್ ಇನ್ನೂ ಕೂಗುತ್ತಲೇ ಇತ್ತು. ತನ್ನ ಬಾಗಿಲ ಮೇಲೂ ಬಿಳಿ ಗುರುತು ಬಿದ್ದಿತ್ತು. ಅವಸರಕ್ಕೆ ಕೀಲಿ ಒಳಗೆ ಹೋಗಲೊಲ್ಲದು. "ಅತ್ತಿ!" ಎಂದು ಕೂಗಿದಳು. ಆ ಸೈರನ್ ಸದ್ದಿನಲ್ಲಿ ಅವಳ ಕೂಗು ಅವಳಿಗೇ ಕೇಳಿಸಲಿಲ್ಲ. ಮೂರನೇ ಸಲಕ್ಕೆ ಬೀಗ ತೆರೆಯಿತು.

ಗದಿಗೆಮ್ಮ ಹೊಸ್ತಿಲ ಬಳಿಯೇ ಕೂತಿದ್ದಳು. ಕಾಲಲ್ಲಿ ಚಪ್ಪಲಿ, ಮೂಗಿಗೆ ಕಟ್ಟಿದ್ದ ಹಸಿ ಟವೆಲ್. ಸೊಸೆಯ ಹೆಸರನ್ನೇ ಎಷ್ಟೋ ಸಲ ಮರೆಯುವವಳು ಹೋದ ಸಲ ಕಲಿಸಿದ್ದನ್ನು ಮರೆತಿರಲಿಲ್ಲ.

"ಬಾಗಿಲಾ ಬಡದು ಬಡದು ಸಾಕಾತವ್ವ," ಎಂದಳು. "ಎಲ್ಲಾರೂ ಹ್ವಾದ್ರೇನು?"

ಹಂಪಮ್ಮನಿಗೆ ಅಳು ತಡೆಯಲಾಗಲಿಲ್ಲ. ಮುದುಕಿಯನ್ನು ಬೆನ್ನಿಗೆ ಹಾಕಿಕೊಂಡು ಮೈದಾನಕ್ಕೆ ಬಂದಳು.

"ಸಾಹೇಬ್ರ, ತಪ್ಪು ನಂದೈತ್ರಿ. ನಮ್ಮ ಓಣಿ ಇನ್ನಾ ಖಾಲಿ ಆಗಿಲ್ರಿ."

ಬರೇ ನಾಟಕವೆಂದುಕೊಂಡು, ಮಲಗಿದ್ದ ತನ್ನ ಮಗುವನ್ನು ಎಬ್ಬಿಸದೆ ಬಂದಿದ್ದ ರೇಣುಕಾ, ಚಾಕ್ ಅಲ್ಲೇ ಬಿಸಾಡಿ ಮನೆಯತ್ತ ಓಡಿದಳು. ಅವಳ ಹಿಂದೆ ಇನ್ನೂ ಇಬ್ಬರು ಹೆಂಗಸರು ಸೊಂಟದಲ್ಲಿ ಬೀಗದ ಕೈ ತಡಕಾಡುತ್ತ ಓಡಿದರು.