ಎರಡು ಸದ್ದಿನ ಲಿಫ್ಟು

ಶುಕ್ರವಾರ ಮಧ್ಯಾಹ್ನ, ಉಂಡ ತಟ್ಟೆ ತೊಳೆಯುವ ಮೊದಲೇ ಬೀದಿಯಲ್ಲಿ ಪಿಕಪ್ಪಿನ ಹಾರ್ನ್ ಕೇಳಿಸಿತೆಂದರೆ ಘಾಲಾದಲ್ಲಿ ಮ್ಯಾಚ್ ಉಂಟೆಂದೇ ಅರ್ಥ. ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಆಗ ನಾವು ಗಲ್ಫಿನ ಅಲ್ ಅಜೈಬಾದಲ್ಲಿದ್ದೆವು; ಘಾಲಾ ಅಲ್ಲಿಗೆ ಹತ್ತಿರದ ಗ್ಯಾರೇಜುಗಳ ಪ್ರದೇಶ. ಅಪ್ಪಂದಿರಿಗೆ ವಾರಕ್ಕೆ ಒಂದೇ ರಜೆ. ಆ ಒಂದು ರಜೆಯನ್ನು ನಮ್ಮ ಕರಾವಳಿಯ ಜನ ಸಮುದ್ರದ ಬದಿಯಲ್ಲಿ ಗಾಳಿ ತಿನ್ನುತ್ತಾ ಕಳೆಯಬಹುದಿತ್ತು. ಅದು ಬಿಟ್ಟು ಗ್ಯಾರೇಜುಗಳ ಹಿಂದಿನ ಒಂದು ಖಾಲಿ ಜಾಗದಲ್ಲಿ ನಿಂತು ಗಂಟಲು ಹರಿಯುವಂತೆ ಒಬ್ಬರನ್ನೊಬ್ಬರು ಬೈಯುತ್ತಿದ್ದರು.

ಆ ಜಾಗದ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ವಾಲಿಬಾಲ್ ಕೋರ್ಟಿನ ಗೆರೆಗಳನ್ನು ಸುಣ್ಣದಲ್ಲಿ ಎಳೆದರೆ ಗಾಳಿಗೆ ನಿಲ್ಲುವುದಿಲ್ಲವೆಂದು ಎಂಜಿನ್‌ನಿಂದ ತೆಗೆದ ಸುಟ್ಟ ಆಯಿಲಿನಲ್ಲಿ ಎಳೆಯುತ್ತಿದ್ದರು. ಬೂದುಬಣ್ಣದ ನೆಲದ ಮೇಲೆ ಕಪ್ಪು ಗೆರೆ. ಅದರ ಜೊತೆಗೆ ಡಬ್ಬಿಗಳಲ್ಲಿ ಬಂದ ಗೋಳಿಬಜೆ, ಕೆಫೆಟೇರಿಯಾದಿಂದ ತಂದ ಪರೋಟ, ಪರೋಟದೊಳಗೆ ಪುಡಿಮಾಡಿ ಸುರಿದ ಖಾರದ ಚಿಪ್ಸ್. ನಾವು ಹುಡುಗಿಯರು ಗ್ಯಾರೇಜಿನ ಬಾಗಿಲಲ್ಲಿ ಬಿದ್ದಿರುತ್ತಿದ್ದ ದೊಡ್ಡ ನಟ್ಟುಗಳನ್ನು ಆಯ್ದು ಕಲ್ಲಾಟ ಆಡುತ್ತಿದ್ದೆವು. ಐದು ನಟ್ಟು ಮೇಲೆ ಹಾರಿಸಿ ಅಂಗೈ ಹಿಂಬದಿಯಲ್ಲಿ ಹಿಡಿಯುವಾಗ ಗೆಣ್ಣಿಗೆ ತಾಗುವ ನೋವು ಬೇರೆಯೇ.

ನನ್ನ ಅಪ್ಪ ನಮ್ಮ ಊರಿನವರ ತಂಡದ ಲಿಫ್ಟರ್. ವಾಲಿಬಾಲ್ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಎದುರಿನಿಂದ ಬಂದ ಚೆಂಡನ್ನು ಯಾರೇ ಎತ್ತಲಿ, ಅದು ಎರಡನೆಯದಾಗಿ ಬರಬೇಕಾದದ್ದು ಲಿಫ್ಟರಿನ ಕೈಗೆ. ಅವನು ಅದನ್ನು ನೆಟ್ಟಿನ ಮೇಲೆ ಹೂವಿನಂತೆ ಎತ್ತಿ ಇಟ್ಟರೆ ಮಾತ್ರ ಸ್ಮ್ಯಾಶರ್ ಹೊಡೆಯಬಲ್ಲ. ಗೆದ್ದರೆ ಸ್ಮ್ಯಾಶರಿನ ಹೆಸರು, ಸೋತರೆ ಲಿಫ್ಟರಿನದು. ಆ ಚಳಿಗಾಲದಲ್ಲಿ ನಾವು ಮೊದಲ ನಾಲ್ಕು ಮ್ಯಾಚನ್ನೂ ಸೋತಿದ್ದೆವು. ಜಾಗದ ಮಾಲೀಕರು ಪಟ್ಟಿಯ ಕೊನೆಯಲ್ಲಿ ಬಂದ ತಂಡಕ್ಕೆ ಮುಂದಿನ ವರ್ಷ ಶುಕ್ರವಾರದ ಪಾಳಿ ಕೊಡುವುದಿಲ್ಲವೆಂದು ಮೊದಲೇ ಹೇಳಿದ್ದರು.

"ಇದು ಲಿಫ್ಟಾ ಅಥವಾ ಗಾಳಿಪಟವಾ?" ಎಂದು ಶುರುಮಾಡಿದ್ದು ಮೋನಪ್ಪಣ್ಣ. ಅವರು ಕ್ರೇನ್ ಆಪರೇಟರ್. ಎಂಜಿನ್ನಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವರ ಪಿಸುಮಾತು ಕೂಡ ಮುಂದಿನ ಗ್ಯಾರೇಜಿಗೆ ಕೇಳುತ್ತಿತ್ತು. "ಸುಂದರಣ್ಣ ಎತ್ತಿದ ಬಾಲು ಕೆಳಗೆ ಬರುವಷ್ಟರಲ್ಲಿ ನಾನು ಊರಿಗೆ ಹೋಗಿ ರಜೆ ಮುಗಿಸಿ ಬರ್ತೇನೆ ಮಾರಾಯ್ರೆ! ತೆಗೀರಿ ಅವರನ್ನು. ಆ ಹಮೀದನನ್ನು ನಿಲ್ಲಿಸಿ."

ಹಮೀದ್ ಆರು ತಿಂಗಳ ಹಿಂದಷ್ಟೇ ಉಳ್ಳಾಲದ ಕಡೆಯಿಂದ ಬಂದ ಮೆಕ್ಯಾನಿಕ್. ತಂಡದ ಬದಲಿ ಆಟಗಾರ. ಇಪ್ಪತ್ತು ದಾಟಿರಲಿಲ್ಲ.

"ನಾಲಿಗೆ ಉಂಟಂತ ಏನು ಬೇಕಾದರೂ ಹೇಳುದಾ?" ಎಂದು ಎದ್ದು ನಿಲ್ಲುತ್ತಿದ್ದವರು ಇದ್ದಿನಬ್ಬ ಕಾಕ. ಬಿಡಿಭಾಗಗಳ ಅಂಗಡಿಯವರು, ತಂಡದ ಮ್ಯಾನೇಜರು. "ಸುಂದರ ಹತ್ತು ವರ್ಷದಿಂದ ನಮ್ಮ ಲಿಫ್ಟರ್. ನಿನ್ನೆ ಬಂದ ಮಕ್ಕಳ ಕೈಗೆ ಟೀಮು ಕೊಡ್ಲಿಕ್ಕೆ ಆಗುದಿಲ್ಲ. ಖಲಾಸ್!"

"ಖಲಾಸ್ ಅಂದರೆ ಟೀಮೇ ಖಲಾಸ್ ಕಾಕ! ನಿಮ್ಮ ದೋಸ್ತಿಗೆ ನಾವೆಲ್ಲ ಮಣ್ಣು ತಿನ್ಬೇಕಾ?"

ಮಜಾ ಎಂದರೆ ತುಳುವಿನ ಮೋನಪ್ಪಣ್ಣ ಬ್ಯಾರಿ ಹುಡುಗನ ಪರ, ಬ್ಯಾರಿ ಕಾಕ ನಮ್ಮಪ್ಪನ ಪರ. ಅಲ್ಲಿ ಜಾತಿ ಊರು ಯಾವುದೂ ಇರಲಿಲ್ಲ, ಲಿಫ್ಟು ಮಾತ್ರ ಇತ್ತು. ಎರಡನೆಯ ಸೋಲಿನವರೆಗೆ ಎಲ್ಲರಿಗೂ ಒಂದೇ ದೊಡ್ಡ ಥರ್ಮಾಸಿನಲ್ಲಿ ಹಾಲಿಲ್ಲದ ಸುಲೈಮಾನಿ ಚಹಾ ಬರುತ್ತಿತ್ತು. ನಾಲ್ಕನೆಯ ಸೋಲಿನ ಹೊತ್ತಿಗೆ ಎರಡು ಥರ್ಮಾಸ್ ಆದವು. ಹಳೆ ಲಿಫ್ಟಿನವರದ್ದು ಒಂದು, ಹೊಸ ಲಿಫ್ಟಿನವರದ್ದು ಇನ್ನೊಂದು. ತಪ್ಪಿ ಆಚೆಯ ಚಹಾ ಕುಡಿದವನನ್ನು ಮುಂದಿನ ವಾರ ಎರಡೂ ಕಡೆಯವರು ಮಾತಾಡಿಸುತ್ತಿರಲಿಲ್ಲ.

ನಾನೂ ಕಡಿಮೆ ಇರಲಿಲ್ಲ. ಹಮೀದ್ ಒಮ್ಮೆ ಸಮೋಸದ ಪೊಟ್ಟಣ ಹಿಡಿದು "ತಕ್ಕೊ ಮೋಳೆ" ಎಂದು ಮಗಳನ್ನು ಕರೆದಂತೆ ಕರೆದಾಗ ಅದನ್ನು ತೆಗೆದುಕೊಂಡು, ಅವನು ನೋಡುತ್ತಿರುವಂತೆಯೇ ಆಯಿಲಿನ ಗೆರೆಯ ಮೇಲೆ ಬೀಳಿಸಿದೆ. ಒಂಬತ್ತು ವರ್ಷದ ಹುಡುಗಿಗೆ ಎಷ್ಟು ದ್ವೇಷ ಹಿಡಿಸುತ್ತದೆಯೋ ಅಷ್ಟೂ ನನ್ನಲ್ಲಿತ್ತು.

ಅದಕ್ಕೆ ಕಾರಣ ಊರಿನಲ್ಲಿದ್ದ ಅಜ್ಜ. ಅವರು ಶಾಲೆಯ ನಿವೃತ್ತ ಡ್ರಿಲ್ ಮಾಸ್ಟರು. ಚಕ್ಕೋತ ಹಣ್ಣನ್ನು ಎಸೆದು ಎಸೆದು ಅಪ್ಪನಿಗೆ ಲಿಫ್ಟ್ ಕಲಿಸಿದವರೇ ಅವರು. ಕಣ್ಣು ಮಂಜಾದ ಮೇಲೆ ಕಾಗದ ಓದಲಾಗದೆ, ನಾವು ಅವರಿಗೆ ಕ್ಯಾಸೆಟ್ ಕಳಿಸುತ್ತಿದ್ದೆವು. ಆಗ ಎಲ್ಲ ಮನೆಯವರೂ ಹಾಗೆಯೇ. ಒಂದು ಬದಿಯಲ್ಲಿ ಅಮ್ಮ ಮನೆಯ ಸುದ್ದಿ ಹೇಳುವುದು, ನಾನು ಮಗ್ಗಿ ಒಪ್ಪಿಸುವುದು. ಇನ್ನೊಂದು ಬದಿಯಲ್ಲಿ ಘಾಲಾದ ಆಟ, ಐದೇ ಐದು ನಿಮಿಷ. ನೆಟ್ಟಿನ ಕಂಬದ ಬುಡದ ಡ್ರಮ್ಮಿನ ಮೇಲೆ ಟೇಪ್‌ರೆಕಾರ್ಡರ್ ಇಟ್ಟು ಕೆಂಪು ಗುಂಡಿ ಒತ್ತುವ ಕೆಲಸ ನನ್ನದು. "ನಮಗೆ ಪಾಯಿಂಟ್ ಬರುವಾಗ ಒತ್ತು, ಆಚೆಯವರಿಗೆ ಬರುವಾಗ ನಿಲ್ಲಿಸು" ಎಂದು ಅಪ್ಪ ಹೇಳಿಕೊಟ್ಟಿದ್ದರು. ಹಾಗಾಗಿ ಅಜ್ಜನ ಪಾಲಿಗೆ ನಮ್ಮ ತಂಡ ಸೋತದ್ದೇ ಇಲ್ಲ. ಪ್ರತಿ ಕ್ಯಾಸೆಟ್ಟಿನ ಕೊನೆಗೆ ಅಪ್ಪ ಒಂದೇ ಮಾತು ಸೇರಿಸುತ್ತಿದ್ದರು: "ಲಿಫ್ಟ್ ಈಗಲೂ ನಾನೇ ಅಪ್ಪಾ." ಹಮೀದ್ ನಿಂತರೆ ಆ ಮಾತು ಸುಳ್ಳಾಗುತ್ತಿತ್ತು.

ಐದನೆಯ ಮ್ಯಾಚಿನ ದಿನ ಗುಂಡಿ ಒತ್ತಿ ನಿಂತಿದ್ದೆ. ಆಗಲೇ ಮೋನಪ್ಪಣ್ಣನ ಮಗಳು ವೀಣಾ ಬಂದು, ನಟ್ಟುಗಳನ್ನು ಕೈಯಲ್ಲಿ ಕುಲುಕುತ್ತಾ, ಶಾಲೆಯ ಇಂಗ್ಲಿಷಿನಲ್ಲಿ, "ಯುವರ್ ಡ್ಯಾಡಿ ಈಸ್ ಔಟ್. ಮೈ ಡ್ಯಾಡಿ ಸೆಡ್" ಎಂದಳು. ನಾನು ಅವಳ ಜಡೆ ಹಿಡಿದೆ. ಅವಳು ನನ್ನದು ಹಿಡಿದಳು. ನಟ್ಟುಗಳು ಚೆಲ್ಲಿದವು, ಮೊಣಕಾಲು ತರಚಿತು, ಇಬ್ಬರನ್ನೂ ಬಿಡಿಸಿ ಅಮ್ಮಂದಿರು ಅವರವರ ಮಗಳಿಗೆ ಎರಡೆರಡು ಬಿಟ್ಟರು. ಅಳು ನಿಲ್ಲಿಸಿ ಡ್ರಮ್ಮಿನ ಬಳಿ ಬರುವಾಗ ಗುಂಡಿ ತಾನಾಗಿ ಮೇಲೆದ್ದಿತ್ತು. ಟೇಪು ಕೊನೆಯವರೆಗೂ ಓಡಿತ್ತು. ಅರ್ಧ ಗಂಟೆ.

ಆ ಅರ್ಧ ಗಂಟೆ ಮೋನಪ್ಪಣ್ಣ ನಿಂತಿದ್ದದ್ದು ಅದೇ ಕಂಬದ ಪಕ್ಕ.

ನಾವು ರೆಕಾರ್ಡ್ ಮಾಡಿದ್ದನ್ನು ನಾವೇ ಕೇಳುವ ಪದ್ಧತಿ ಇರಲಿಲ್ಲ. ಬ್ಯಾಟರಿ ಯಾಕೆ ಸುಮ್ಮನೆ ಹಾಳು ಎಂದು ಪೆನ್ಸಿಲಿನಲ್ಲಿ ತಿರುಗಿಸಿ ರೀಲು ಸುತ್ತಿಡುತ್ತಿದ್ದೆವು, ಅಷ್ಟೇ. ಮ್ಯಾಚ್ ಸೋತು ಮುಖ ಗಂಟಿಕ್ಕಿಕೊಂಡ ಅಪ್ಪ, ಅಂದೇ ಊರಿಗೆ ಹೊರಟಿದ್ದ ಒಬ್ಬರ ಕೈಗೆ ಆ ಕ್ಯಾಸೆಟ್ ಕೊಟ್ಟುಬಿಟ್ಟರು. ಬಲಗೈಯಲ್ಲಿ ಕೊಟ್ಟರು. ಎಡಗೈಯ ಮಣಿಕಟ್ಟಿಗೆ ಆ ಚಳಿಗಾಲವಿಡೀ ಒಂದು ಎಲಾಸ್ಟಿಕ್ ಪಟ್ಟಿ ಹಾಕುತ್ತಿದ್ದರು. ಸ್ಟೈಲಿಗೆಂದು ನಾನು ತಿಳಿದಿದ್ದೆ. ಟೇಪು ಪೂರ್ತಿ ಓಡಿದ್ದನ್ನು ನಾನು ಯಾರಿಗೂ ಹೇಳಲಿಲ್ಲ.

ಮುಂದಿನ ಮೂರು ವಾರ ಮೈದಾನ ಇನ್ನೊಂದು ತಂಡಕ್ಕಿತ್ತು. ಆದರೆ ಜಗಳಕ್ಕೆ ಮೈದಾನ ಬೇಕಿರಲಿಲ್ಲ. ಅಂಗಡಿಯಲ್ಲಿ, ಪಿಕಪ್ಪಿನಲ್ಲಿ, ಗಡ್ಡ ತೆಗೆಸುವಲ್ಲಿ ಅದೇ ಮಾತು: ಉಳಿದದ್ದು ಮೂರು ಮ್ಯಾಚು, ಸುಂದರಣ್ಣನಾ ಹಮೀದನಾ? ಕಾಕ ತಮ್ಮ ಅಂಗಡಿಗೆ ಬರುವ ಗಿರಾಕಿಗಳನ್ನೂ ಬಿಡದೆ ಅಪ್ಪನ ಪರ ವಾದಿಸುತ್ತಿದ್ದರಂತೆ. ಒಬ್ಬನಿಗೆ ಬ್ರೇಕ್ ಶೂ ಕೊಡುವುದಿಲ್ಲವೆಂದು ಹೊರಗೆ ಕಳಿಸಿದರು, ಹೊಸ ಲಿಫ್ಟಿನವನೆಂದು.

ಆರನೆಯ ಮ್ಯಾಚಿನ ಶುಕ್ರವಾರ ಅಜ್ಜನ ಉತ್ತರ ಬಂತು. ಅದೇ ಕ್ಯಾಸೆಟ್. ಅಮ್ಮ ಮಾತಾಡಿದ್ದ ಬದಿಯ ಮೇಲೆಯೇ ಅಜ್ಜ ಉತ್ತರ ತುಂಬಿ ಕಳಿಸುವುದು ವಾಡಿಕೆ. ಅವರು ಎಲ್ಲರ ಹೆಸರು ಹಿಡಿದು ಕ್ಷೇಮ ಕೇಳುತ್ತಿದ್ದರಿಂದ ಅದನ್ನು ಘಾಲಾದಲ್ಲಿ, ಆಟಕ್ಕೆ ಮುಂಚೆ, ಎಲ್ಲರೆದುರು ಹಾಕುವುದೂ ವಾಡಿಕೆ. ಎರಡೂ ಥರ್ಮಾಸಿನವರು ಡ್ರಮ್ಮಿನ ಸುತ್ತ ನಿಂತರು. ಗುಂಡಿ ಒತ್ತಿದ್ದು ಅಪ್ಪನೇ.

ಮೊದಲು ಕೆಮ್ಮು. ಆಮೇಲೆ ಕೋಳಿಯೊಂದರ ಕೂಗು. ಆಮೇಲೆ ಅಜ್ಜ:

"ಸುಂದರಾ, ಎರಡನೇ ಬದಿ ಕೇಳಿದೆ. ಪೂರ್ತಿ ಕೇಳಿದೆ. ಆ ಮೋನಪ್ಪ ಅಂತ ಒಬ್ಬ ಉಂಟಲ್ಲ, ಅವನ ಬಾಯಿ ಚರಂಡಿ."

ಹಳೆ ಲಿಫ್ಟಿನವರು ನಕ್ಕರು. ಮೋನಪ್ಪಣ್ಣನ ಕಿವಿ ಕೆಂಪಾಯಿತು. ಅಪ್ಪ ನನ್ನ ಕಡೆ ತಿರುಗಿದರು. ನಾನು ನನ್ನ ಚಪ್ಪಲಿ ನೋಡುತ್ತಿದ್ದೆ.

"ಆದರೆ ಅವ ಹೇಳುದು ಸುಳ್ಳಲ್ಲ. ನನಗೆ ಬಾಲು ಕಾಣುದಿಲ್ಲ, ಕೇಳ್ತದೆ. ನಾಲ್ಕು ಸಲ ತಿರುಗಿಸಿ ಕೇಳಿದೆ. ಎರಡು ಕೈ ಒಟ್ಟಿಗೆ ತಾಗಿದರೆ ಒಂದೇ ಸದ್ದು. ನಿನ್ನ ಲಿಫ್ಟಿಗೆ ಈಗ ಎರಡು ಸದ್ದು ಬರ್ತದೆ. ಎಡಗೈ ಹಿಂದೆ ಬೀಳ್ತದೆ. ಅದಕ್ಕೆ ಏನಾಗಿದೆ ಮಗ? ನೀನು ಯಾಕೆ ಹೇಳಲಿಲ್ಲ?"

ಅಪ್ಪ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು.

"ಆ ಹುಡುಗ ಯಾರೋ ಉಂಟಂತಲ್ಲ, ಅವನಿಗೆ ಬಿಡು. ಕೈ ಗುಣ ಮಾಡಿಕೊ. ಶೈಲು, ಹದಿನಾಲ್ಕರ ಮಗ್ಗಿಯಲ್ಲಿ ಎರಡು ತಪ್ಪು ಉಂಟು."

ಅಪ್ಪ ಗುಂಡಿ ಒತ್ತಿ ನಿಲ್ಲಿಸಿದರು. ಆ ಪಟ್ಟಿಯನ್ನು ಕಳಚಿದರು. ಮಣಿಕಟ್ಟು ಊದಿಕೊಂಡು ಒಂದು ಬದಿಗೆ ವಾಲಿತ್ತು. ಗೋಡೌನಿನಲ್ಲಿ ಪೆಟ್ಟಿಗೆ ಬಿದ್ದು ಐದು ತಿಂಗಳಾಗಿತ್ತಂತೆ. ಅಮ್ಮನಿಗೂ ಗೊತ್ತಿರಲಿಲ್ಲ.

"ಕಾಕ, ಇವತ್ತು ಹಮೀದ್ ನಿಲ್ಲಲಿ" ಎಂದರು ಅಪ್ಪ.

ಮೋನಪ್ಪಣ್ಣ ಮೆತ್ತಗಾದಾರು ಎಂದುಕೊಂಡರೆ, ಇಲ್ಲ. "ಕೈ ಮುರಿದಿದ್ದರೆ ಮೊದಲೇ ಬಾಯಿ ಬಿಡ್ಲಿಕ್ಕೆ ಏನಾಗಿತ್ತು? ಐದು ಮ್ಯಾಚ್ ನೀರಿಗೆ ಹಾಕಿ ಈಗ ದೊಡ್ಡವರ ಹಾಗೆ ಬಿಟ್ಟುಕೊಡುದು!" ಎಂದು ಉಗಿದರು. ಅದು ನನಗೆ ಅಷ್ಟು ನೋಯಲಿಲ್ಲ. ನೋಯಿಸಿದ್ದು ಇದ್ದಿನಬ್ಬ ಕಾಕ. ಅವರು ಅಪ್ಪನ ಕೈಯನ್ನೇ ನೋಡುತ್ತಿದ್ದರು.

"ನನಗಾದರೂ ಹೇಳಬಹುದಿತ್ತು ಸುಂದರ. ನಿನಗೋಸ್ಕರ ಅರ್ಧ ಘಾಲಾದ ಹತ್ತಿರ ಜಗಳ ಮಾಡಿಕೊಂಡೆ ನಾನು. ಸುಳ್ಳಿಗೆ ಮಾಡಿಕೊಂಡೆ."

ತಮ್ಮ ಥರ್ಮಾಸ್ ಎತ್ತಿಕೊಂಡು ಹೋಗಿ ಕೋರ್ಟಿನ ಆಚೆ ತುದಿಯಲ್ಲಿ ಒಬ್ಬರೇ ಕುಳಿತರು. ಅಂದಿನಿಂದ ಮೂರು ಪಂಗಡವಾಯಿತು.

ಹಮೀದ್ ಚೆಂಡು ಹಿಡಿದು ಅಪ್ಪನ ಬಳಿ ಬಂದ. "ಸುಂದರಣ್ಣ, ಮೊದಲನೇದು ಯಾವ ಮೂಲೆಗೆ ಕೊಡ್ಲಿ?" ಅಪ್ಪ ಬಲಗೈ ಎತ್ತಿ ತೋರಿಸಿದರು. "ಎಡದ ಮೂಲೆಗೆ. ಎತ್ತರ ಬೇಡ. ಯಲ್ಲಾ, ಹೋಗು." ಆ ಮ್ಯಾಚನ್ನೂ ಸೋತೆವು. ಉಳಿದೆರಡನ್ನು ಗೆದ್ದೆವು. ಸಾಲಲಿಲ್ಲ, ಕೊನೆಯಲ್ಲೇ ಉಳಿದೆವು. ಮುಂದಿನ ವರ್ಷ ನಮ್ಮ ಶುಕ್ರವಾರ ಬೇರೆಯವರದಾಯಿತು. ಕಾಕ ನಮ್ಮ ಮನೆಗೆ ಮತ್ತೆ ಬರಲಿಲ್ಲ. ಬೀದಿಯಲ್ಲಿ ಸಿಕ್ಕರೆ ನನ್ನ ತಲೆ ಸವರುತ್ತಿದ್ದರು, ಅಪ್ಪನನ್ನು ನೋಡುತ್ತಿರಲಿಲ್ಲ.

ಟೇಪು ಯಾಕೆ ನಿಲ್ಲಿಸಲಿಲ್ಲವೆಂದು ಅಪ್ಪ ನನ್ನನ್ನು ಯಾವತ್ತೂ ಕೇಳಲಿಲ್ಲ. ಮುಂದಿನ ಕ್ಯಾಸೆಟ್ಟಿನಲ್ಲಿ "ಲಿಫ್ಟ್ ಈಗ ಹಮೀದ್ ಅಪ್ಪಾ" ಎಂದರು, ಸ್ವಲ್ಪ ಹೊತ್ತು ಸುಮ್ಮನಿದ್ದರು, ಆ ಸುಮ್ಮನಿರುವಿಕೆಯನ್ನೂ ಅಳಿಸದೆ ಕಳಿಸಿದರು.

ಅವರಲ್ಲಿ ಹೆಚ್ಚಿನವರು ಈಗಿಲ್ಲ. ಅಜ್ಜ ಇಲ್ಲ, ಅಪ್ಪ ಇಲ್ಲ. ಆ ಕ್ಯಾಸೆಟ್ ನನ್ನ ಬಳಿ ಇದೆ. ಅಜ್ಜ ಉತ್ತರ ತುಂಬಿದ್ದು ಒಂದೇ ಬದಿಗೆ, ಹಾಗಾಗಿ ಬೈಗುಳದ ಆ ಅರ್ಧ ಗಂಟೆ ಹಾಗೇ ಉಳಿದಿದೆ. ಈಗ ನಾನು ನನ್ನ ಮಕ್ಕಳಿಗೆ ಫೋನಿನಲ್ಲಿ ಎರಡು ನಿಮಿಷದ ಮಾತು ಕಳಿಸಿದರೆ ಅವರು ಅದನ್ನು ಎರಡು ಪಟ್ಟು ವೇಗದಲ್ಲಿ ಕೇಳಿ ಒಂದು ಹೆಬ್ಬೆರಳು ಕಳಿಸುತ್ತಾರೆ. ಅವರದ್ದೇನೂ ತಪ್ಪಲ್ಲ, ಕೇಳುವುದನ್ನು ನಾನಾದರೂ ಎಲ್ಲಿ ಕಲಿತೆ? ಹಳೆಯ ಟೇಪ್‌ರೆಕಾರ್ಡರ್ ರಿಪೇರಿ ಮಾಡಿಸಿ ಎಷ್ಟೋ ಸಲ ಹಾಕಿದ್ದೇನೆ. ಮೋನಪ್ಪಣ್ಣನ ಗಂಟಲು, ಸೀಟಿ, ವೀಣಾಳ ಕಿರುಚಾಟ, ನನ್ನ ಅಳು, ಅದರ ನಡುವೆ ಅಪ್ಪನ ಕೈಗೆ ಬೀಳುವ ಚೆಂಡು. ಕಿವಿ ಒತ್ತಿಕೊಂಡು ಕೇಳುತ್ತೇನೆ. ಅಜ್ಜನಿಗೆ ಕೇಳಿಸಿದ ಆ ಎರಡನೆಯ ಸದ್ದು ನನಗೆ ಇದುವರೆಗೂ ಕೇಳಿಸಿಲ್ಲ.