ಐದನೇ ಭಾಗದ ದನಿ

ಆ ಊರಿನ ಯಾವ ದೊಡ್ಡ ಕಟ್ಟಡದ ಲಿಫ್ಟ್ ಹತ್ತಿದರೂ ಕೇಳುವುದು ಗಂಟಲಪ್ಪನವರ ದನಿ. "ಬಾಗಿಲು ಮುಚ್ಚುತ್ತಿದೆ, ದಯವಿಟ್ಟು ಸರಿದು ನಿಲ್ಲಿ." ಆಸ್ಪತ್ರೆಯಲ್ಲಿ ಟೋಕನ್ ಹಿಡಿದು ಕೂತವರನ್ನು ಒಳಗೆ ಕರೆಯುವುದೂ ಅವರೇ. ಬ್ಯಾಂಕಿಗೆ ಫೋನ್ ಮಾಡಿದರೆ "ನಿಮ್ಮ ಕರೆ ನಮಗೆ ಬಹಳ ಮುಖ್ಯ" ಎಂದು ಹತ್ತು ಸಲ ಸುಳ್ಳು ಹೇಳುವವರೂ ಅವರೇ. ಹೆತ್ತವರು ಇಟ್ಟ ಹೆಸರು ದಾಖಲೆಗಳಲ್ಲಿ ಮಾತ್ರ ಉಳಿದಿತ್ತು. ಡಬ್ಬಿಂಗ್ ಸ್ಟುಡಿಯೋದಲ್ಲಿ ಯಾರೋ ತಮಾಷೆಗೆ ಕರೆದ 'ಗಂಟಲಪ್ಪ' ಎಂಬುದೇ ನಲವತ್ತು ವರ್ಷಗಳಿಂದ ಅಂಟಿಕೊಂಡಿತ್ತು.

ವಯಸ್ಸು ಅರವತ್ತಾರು. ಎಂಟು ತಿಂಗಳ ಹಿಂದೆ ಹೆಂಡತಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಅಂದಿನಿಂದ ಅನ್ನ ಬೇಯಿಸುವುದು, ಬಟ್ಟೆ ಒಗೆಯುವುದು, ಹೊತ್ತು ಹೊತ್ತಿಗೆ ಮಾತ್ರೆ ಕೊಡುವುದು, ಆಕೆಯನ್ನು ಎಬ್ಬಿಸಿ ನಾಲ್ಕು ಕಾಲಿನ ಊರುಗೋಲು ಹಿಡಿಸಿ ಹಜಾರದಲ್ಲಿ ಆರು ಸುತ್ತು ನಡೆಸುವುದು, ಎಲ್ಲ ಅವರ ತಲೆ ಮೇಲೆ. ಕಷ್ಟ ಎಂದು ಅವರು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಹೇಳಿಕೊಳ್ಳಲೂ ಉಸಿರು ಬೇಕಲ್ಲ. ಮಧ್ಯಾಹ್ನ ಪಾತ್ರೆ ತೊಳೆದು ಕುರ್ಚಿಯಲ್ಲಿ ಕೂತರೆ ಎದ್ದ ಮೇಲೂ ಕೂತಂತೆಯೇ ಇರುತ್ತಿದ್ದರು.

ಅವರಿಗೂ ಒಂದು ಕಾಲವಿತ್ತು. 'ಏಳನೇ ಕಕ್ಷೆ' ಎಂಬ ಬಾಹ್ಯಾಕಾಶದ ಸಿನಿಮಾಗಳ ಸರಣಿ ಬೇರೆ ಭಾಷೆಯಿಂದ ಇಲ್ಲಿಗೆ ಬರುತ್ತಿದ್ದ ಕಾಲ. ನೌಕೆಯ ಕ್ಯಾಪ್ಟನ್ ಪಾತ್ರಕ್ಕೆ ದನಿ ಕೊಟ್ಟವರು ಗಂಟಲಪ್ಪ. ಮೊದಲ ನಾಲ್ಕು ಭಾಗಗಳಲ್ಲಿ ಕ್ಯಾಪ್ಟನ್ ಹೊಡೆದ, ಬಡಿದ, ಗ್ರಹಗಳನ್ನು ಗೆದ್ದ. ಅವನು ಬಾಯಿ ತೆರೆದರೆ ಚಿತ್ರಮಂದಿರದ ಕುರ್ಚಿಗಳು ಅದುರುತ್ತಿದ್ದವು. ಕ್ಷೌರದಂಗಡಿಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಜನ ಅವರನ್ನು ಹಿಡಿದು ನಿಲ್ಲಿಸಿ, "ಸಾರ್, ಆ ಒಂದು ಡೈಲಾಗ್ ಹೇಳಿ" ಎಂದು ಗಂಟು ಬೀಳುತ್ತಿದ್ದರು.

ಆಮೇಲೆ ಬಂತು ಐದನೇ ಭಾಗ.

ಅದರಲ್ಲಿ ಯುದ್ಧವೇ ಇರಲಿಲ್ಲ. ನೌಕೆ ಕೆಟ್ಟಿದೆ. ನಾನೂರು ಜನ ಪ್ರಯಾಣಿಕರು ಗಾಜಿನ ಪೆಟ್ಟಿಗೆಗಳಲ್ಲಿ ನಿದ್ದೆ ಮಾಡುತ್ತಿದ್ದಾರೆ. ಊರು ಸೇರಲು ಇಪ್ಪತ್ತಾರು ವರ್ಷ ಬೇಕು. ಕ್ಯಾಪ್ಟನ್ ಒಬ್ಬನೇ ಎಚ್ಚರವಿದ್ದು ನೆಲ ಒರೆಸುತ್ತಾನೆ, ನೀರಿನ ಕೊಳವೆಗೆ ಬಟ್ಟೆ ಸುತ್ತುತ್ತಾನೆ, ಮುದುಕನಾಗುತ್ತಾನೆ. ಕೊನೆಗೆ ಒಬ್ಬ ಹೆಂಗಸು ಎದ್ದು, "ಇಷ್ಟು ವರ್ಷ ಒಬ್ಬರೇ ಯಾಕೆ?" ಎಂದು ಕೇಳುತ್ತಾಳೆ. ಅದಕ್ಕೆ ಅವನು ಒಂದು ಮಾತು ಹೇಳುತ್ತಾನೆ. ಅಷ್ಟೇ ಕತೆ.

ಕನ್ನಡದ ಮಾತು ಬರೆದವರು ಟೀಚರ್. ಹಿಂದೆ ಶಾಲೆಯಲ್ಲಿ ಭಾಷೆ ಕಲಿಸುತ್ತಿದ್ದವರಾದ್ದರಿಂದ ಸ್ಟುಡಿಯೋದಲ್ಲೂ ಅವರು ಟೀಚರೇ. ತೆರೆಯ ಮೇಲೆ ನಟನ ತುಟಿ ಎಲ್ಲಿ ಕೂಡುತ್ತದೋ ಅಲ್ಲಿ ಪ, ಬ, ಮ ಬರುವ ಪದವನ್ನೇ ಹುಡುಕಿ ಕೂರಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಆ ಕೊನೆಯ ಮಾತಿಗೆ ಅವರು ಬರೆದದ್ದು: "ಯಾರಾದರೂ ಒಬ್ಬರು ಎದ್ದಿರಬೇಕಲ್ಲ."

ಗಂಟಲಪ್ಪ ಹಾಳೆಯನ್ನು ಮೇಜಿನ ಮೇಲೆ ಒಗೆದಿದ್ದರು. "ಏನ್ ಟೀಚರ್, ಇದು ಕ್ಯಾಪ್ಟನ್ ಮಾತೋ, ಕಾವಲುಗಾರನ ಮಾತೋ? ಉಪ್ಪಿಲ್ಲ, ಖಾರ ಇಲ್ಲ."

"ಅವನು ಈಗ ಕಾವಲುಗಾರನೇ ಕಣ್ರೀ. ಆ ನಟನ ಮುಖ ನೋಡಿ. ಅವನು ಕೂಗ್ತಾ ಇಲ್ಲ."

"ಮುಖ ಅವನದು, ಜನ ನಮ್ಮವರು. ಶಿಳ್ಳೆ ಬೀಳಬೇಕು."

ಹಂಚಿಕೆದಾರರು ಗಂಟಲಪ್ಪನವರ ಬೆನ್ನಿಗೆ ನಿಂತರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಎರಡು ದಿನ ಜಗಳ ನಡೆದು, ಟೀಚರ್ ಚೀಲ ಹೆಗಲಿಗೇರಿಸಿ ಹೊರಟೇ ಹೋದರು. ಗಂಟಲಪ್ಪ ತಮ್ಮ ಕೈಯಾರೆ ಮಾತು ಬರೆದುಕೊಂಡು ಗುಡುಗಿದರು: "ಈ ಕ್ಯಾಪ್ಟನ್ ಎದ್ದಿರೋವರೆಗೂ ಸಾವಿಗೂ ಒಳಗೆ ಬರೋ ಧೈರ್ಯ ಇಲ್ಲ!" ಅಷ್ಟಕ್ಕೇ ಬಿಡಲಿಲ್ಲ. ನಟ ಬೆನ್ನು ತಿರುಗಿಸಿ ನಿಂತ ಕಡೆಯೆಲ್ಲ, ತುಟಿ ಕಾಣುವುದಿಲ್ಲವಲ್ಲ ಎಂದು, ತಮಗೆ ತೋಚಿದ ಜೋಕುಗಳನ್ನು ತುರುಕಿದರು.

ಬಿಡುಗಡೆಯ ದಿನ ಶಿಳ್ಳೆ ಬೀಳಲಿಲ್ಲ, ನಗು ಬಿತ್ತು. ಕೈಯಲ್ಲಿ ಒರೆಸುವ ಬಟ್ಟೆ ಹಿಡಿದ ನರೆಗೂದಲಿನವನ ಬಾಯಿಂದ ಆ ಗುಡುಗು ಹೊರಟಾಗ ಇಡೀ ಚಿತ್ರಮಂದಿರ ಬಿದ್ದು ಬಿದ್ದು ನಕ್ಕಿತು. ವಾರ ಕಳೆಯುವಷ್ಟರಲ್ಲಿ ಆ ಮಾತು ಊರ ಗಾದೆಯಾಯಿತು. ಕೊಳಾಯಿ ಸೋರಿದರೆ, ಕರೆಂಟು ಹೋದರೆ, "ಈ ಕ್ಯಾಪ್ಟನ್ ಎದ್ದಿರೋವರೆಗೂ" ಎನ್ನುವರು, ನಗುವರು. ಬೇರೆ ದೇಶಗಳಲ್ಲಿ ಸಿನಿಮಾ ಜನರನ್ನು ಎರಡು ಪಾಳಯವಾಗಿ ಒಡೆದಿತ್ತು. ಅರ್ಧ ಜನ ಸರಣಿಗೆ ಮಣ್ಣು ಹಾಕಿದರು ಎಂದರೆ, ಉಳಿದರ್ಧ ಇದೇ ಸರಣಿಯ ಮಾನ ಎಂದರು. ಇಲ್ಲಿ ಮಾತ್ರ ಒಡಕೂ ಇಲ್ಲ, ಎಲ್ಲರೂ ನಕ್ಕವರೇ. ಆರನೇ ಭಾಗಕ್ಕೆ ಬೇರೆ ದನಿ ಬಂತು. ಗಂಟಲಪ್ಪ ಲಿಫ್ಟುಗಳಿಗೆ ಇಳಿದರು.

ಹದಿನೆಂಟು ವರ್ಷ ಅವರು ಬೈದದ್ದು ಸಿನಿಮಾವನ್ನು. "ದರಿದ್ರ ಕತೆ. ಅದು ನನ್ನ ಗಂಟಲನ್ನೇ ತಿಂದು ಹಾಕ್ತು" ಎನ್ನುವರು. ಒಂದು ಸಲ ಹೆಂಡತಿ, "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ" ಎಂದದ್ದಕ್ಕೆ ಮೂರು ದಿನ ಮಾತು ಬಿಟ್ಟಿದ್ದರು.

ಈಗ ಸ್ಟುಡಿಯೋದಿಂದ ಫೋನ್ ಬಂತು. ಇಡೀ ಸರಣಿಯನ್ನು ಹೊಸದಾಗಿ ಬಿಡುಗಡೆ ಮಾಡುತ್ತಾರಂತೆ. ಐದನೇ ಭಾಗವೇ ಎಲ್ಲಕ್ಕಿಂತ ಮೇಲು ಎಂದು ಈಚೆಗೆ ಬಹಳ ಜನ ಹೇಳುತ್ತಿದ್ದಾರಂತೆ. ಅದಕ್ಕೆ ಕನ್ನಡದ ಮಾತನ್ನು ಟೀಚರ್ ಬರೆದಿದ್ದ ಮೂಲ ಹಾಳೆಗಳಿಂದ ಮತ್ತೆ ರೆಕಾರ್ಡ್ ಮಾಡಬೇಕು, ದನಿ ನೀವೇ ಕೊಡಬೇಕು ಎಂದರು.

"ಆಗಲ್ಲ. ಮನೆ ಬಿಟ್ಟು ಬರೋ ಹಾಗಿಲ್ಲ" ಎಂದು ಗಂಟಲಪ್ಪ ಫೋನ್ ಇಟ್ಟರು.

ಮಂಚದ ಮೇಲಿಂದ ಹೆಂಡತಿ ಕೇಳಿದರು, "ನನ್ನ ಸೊಂಟಾನ ನೆಪ ಮಾಡ್ಕೊಂಡ್ರಾ?"

"ನೆಪ ಏನು ಬಂತು. ಯಾರು ನೋಡ್ಕೋತಾರೆ ನಿನ್ನ?"

"ಅಕ್ಕ ಬರ್ತಾಳೆ. ನೀವು ಹೋಗಿ ಬನ್ನಿ. ನಾಲ್ಕು ದಿನ ನಿಮ್ಮ ನಿಟ್ಟುಸಿರು ಕೇಳದೆ ಇರ್ತೀನಿ, ನನಗೂ ರಜ."

ಹೆಂಡತಿಯ ಅಕ್ಕ ಮರುದಿನವೇ ಹೆಣಿಗೆಯ ಚೀಲ ಹಿಡಿದು ಬಂದು ಕೂತರು. ಗಂಟಲಪ್ಪನವರಿಗೆ ಹೋಗದೆ ಗತ್ಯಂತರವಿರಲಿಲ್ಲ.

ಸ್ಟುಡಿಯೋದ ಗೋಡೆಗಳಿಗೆ ಹೊಸ ಸ್ಪಂಜು ಹೊದಿಸಿದ್ದರು. ಗಾಜಿನ ಆಚೆ ಕೂತಿದ್ದ ಸೌಂಡ್ ಇಂಜಿನಿಯರ್ ಮೂವತ್ತು ದಾಟಿದ ಹೆಂಗಸು. ಅವಳು ಹೆಡ್‌ಫೋನ್ ಕೊಡುತ್ತಾ, "ಸರ್, ನಾನು ಹೈಸ್ಕೂಲಲ್ಲಿದ್ದಾಗ ಇದನ್ನ ನೋಡಿದ್ದೆ. ನನಗೆ ಇಷ್ಟ ಆಗಿತ್ತು. ಎಲ್ಲರೂ ನಗ್ತಿದ್ರು ಅಂತ ನಾನೂ ನಕ್ಕುಬಿಟ್ಟೆ" ಎಂದಳು.

"ನಗೋದೇ ಸರಿ ಬಿಡಮ್ಮ. ನಗೋ ಹಾಗೇ ಇತ್ತು" ಎಂದರು ಗಂಟಲಪ್ಪ.

ಮೊದಲ ದಿನ ಕೂಲಿಯವರಂತೆ ಮಾತು ಒಪ್ಪಿಸಿದರು. ಎರಡನೆಯ ದಿನವೂ ಹಾಗೇ. ಸಿನಿಮಾದ ನಡುವೆ, ಕ್ಯಾಪ್ಟನ್ ಬಿಡಿಭಾಗ ಹುಡುಕಿ ಇಳಿಯುವ ಒಂದು ಗ್ರಹದ ಸಂತೆ ಬರುತ್ತದೆ. ಬಣ್ಣ ಬಣ್ಣದ ಪ್ರಾಣಿಗಳು, ಚೌಕಾಸಿ, ಓಡಾಟ. ಅದು ಆಗಲೂ ಸಹಿಸಲು ಆಗದಂತಿತ್ತು, ಈಗಲೂ ಹಾಗೇ ಇತ್ತು. 'ನಾನು ಹೇಳಿದ್ದು ಸುಳ್ಳಲ್ಲ' ಎಂದು ಅವರಿಗೆ ಒಳಗೊಳಗೇ ಸಮಾಧಾನವಾಯಿತು.

ಮೂರನೆಯ ದಿನ ಬಂದದ್ದು ಉಗುರಿನ ದೃಶ್ಯ. ಮಲಗಿದವರ ಉಗುರು ಬೆಳೆಯುತ್ತಲೇ ಇರುತ್ತದೆ. ಕ್ಯಾಪ್ಟನ್ ಒಂದು ಸಣ್ಣ ಸ್ಟೂಲು ಎಳೆದುಕೊಂಡು, ಒಂದೊಂದೇ ಪೆಟ್ಟಿಗೆ ತೆರೆದು, ಒಬ್ಬೊಬ್ಬರದೇ ಉಗುರು ಕತ್ತರಿಸುತ್ತಾ ಹೋಗುತ್ತಾನೆ. ಕ್ಯಾಮೆರಾಕ್ಕೆ ಅವನ ಬೆನ್ನು. ನಾಲ್ಕು ನಿಮಿಷ, ಒಂದು ಮಾತಿಲ್ಲ. ಗಂಟಲಪ್ಪ ಇಲ್ಲೇ ಹಿಂದೆ ಹನ್ನೊಂದು ಜೋಕು ತುರುಕಿದ್ದು. 'ಮೇಡಂ, ನೇಲ್ ಪಾಲಿಶ್ ಯಾವ ಬಣ್ಣ?' ಎಂಬುದೂ ಅದರಲ್ಲಿ ಒಂದು.

ಅಂದು ಬೆಳಿಗ್ಗೆ ಅವರು ಹೆಂಡತಿಯ ಕಾಲನ್ನು ಬಿಸಿನೀರಿನ ಬೋಗುಣಿಯಲ್ಲಿ ನೆನೆಸಿ, ಬಗ್ಗಲು ಆಗದ ಆಕೆಯ ಕಾಲುಗುರು ತೆಗೆದು ಬಂದಿದ್ದರು. ಹೆಬ್ಬೆರಳಿನ ಉಗುರು ದಪ್ಪ, ಕತ್ತರಿ ಜಾರುತ್ತದೆ. ಅದನ್ನು ಓರೆಯಾಗಿ ಹಿಡಿಯಬೇಕು. ತೆರೆಯ ಮೇಲಿನ ಮುದುಕನೂ ಓರೆಯಾಗಿಯೇ ಹಿಡಿದಿದ್ದ. ಆ ನಟನಿಗೆ ಇದು ಗೊತ್ತಿತ್ತು. ಯಾರದೋ ಕಾಲು ಹಿಡಿದು ಕಲಿತವನೇ ಇರಬೇಕು.

"ಸರ್, ಇಲ್ಲಿ ಹಾಳೆಯಲ್ಲಿ ಏನೂ ಇಲ್ಲ. ಮುಂದಕ್ಕೆ ಹೋಗ್ಲಾ?" ಎಂದಳು ಇಂಜಿನಿಯರ್.

"ಬೇಡಮ್ಮ. ಇರಲಿ. ಪೂರ್ತಿ ನೋಡ್ತೀನಿ."

ನೋಡಿದರು. ಸುಸ್ತು ಮಣಿಕಟ್ಟಿನಿಂದ ಹೆಗಲಿಗೆ ಏರುವುದನ್ನು ಆ ಬೆನ್ನಿನಲ್ಲೇ ಕಂಡರು. ಇದು ಸೋತವನ ಬೆನ್ನಲ್ಲ. ನಾಳೆಯೂ ಇದೇ ಕೆಲಸವಿದೆ ಎಂದು ಗೊತ್ತಿರುವವನ ಬೆನ್ನು. ಇಂಥ ಬೆನ್ನಿನ ಮೇಲೆ ಹನ್ನೊಂದು ಜೋಕು ಹೇರಿದೆನಲ್ಲ ಎಂದುಕೊಂಡರು. ಅಳು ಬರಲಿಲ್ಲ, ಅವರು ಅಷ್ಟು ಸುಲಭಕ್ಕೆ ಅಳುವ ಪೈಕಿಯಲ್ಲ. ಸುಮ್ಮನೆ ಹೆಡ್‌ಫೋನ್ ತೆಗೆದು ನೀರು ಕುಡಿದರು.

ಆಮೇಲೆ ಕೊನೆಯ ಮಾತಿಗೆ ಬಂದರು. "ಯಾರಾದರೂ ಒಬ್ಬರು ಎದ್ದಿರಬೇಕಲ್ಲ." ಒಂಬತ್ತು ಸಲ ಹೇಳಿದರು. ಒಮ್ಮೆ ಗುಡುಗು ಇಣುಕಿತು, ಒಮ್ಮೆ ಲಿಫ್ಟಿನವನು ಇಣುಕಿದ. ಮೆತ್ತಗೆ ಹೇಳಿದರೆ ನಾಟಕ, ಗಟ್ಟಿಯಾಗಿ ಹೇಳಿದರೆ ಸುಳ್ಳು. "ನಾಳೆ ಮಾಡೋಣ ಸರ್" ಎಂದು ಇಂಜಿನಿಯರ್ ದೀಪ ಆರಿಸಿದಳು.

ಗಂಟಲಪ್ಪ ಮನೆಯ ಬಸ್ಸು ಹತ್ತಲಿಲ್ಲ. ಅತ್ತಿಗೆಗೆ ಫೋನ್ ಮಾಡಿ ಒಂದು ಗಂಟೆ ತಡವಾಗುತ್ತದೆಂದು ಹೇಳಿ, ಟೀಚರ್ ಮನೆಯ ದಾರಿ ಹಿಡಿದರು. ಹೊಲಿಗೆ ಅಂಗಡಿಯ ಮೇಲಿನ ಎರಡು ಕೋಣೆ. ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತು ಉಸಿರು ತೆಗೆದುಕೊಂಡರು. ಏನು ಹೇಳಬೇಕೆಂದು ಯೋಚಿಸಿಟ್ಟುಕೊಂಡದ್ದೆಲ್ಲ ಅಷ್ಟರಲ್ಲಿ ಮರೆತುಹೋಯಿತು.

ಬಾಗಿಲು ತೆಗೆದ ಟೀಚರ್ ಕೈಯಲ್ಲಿ ಭೂತಗನ್ನಡಿ ಇತ್ತು. ಶಾಲೆಯ ಪಠ್ಯಗಳ ಕರಡು ತಿದ್ದುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಓ, ಗಂಟಲಪ್ಪನವರು. ಯಾವ ಲಿಫ್ಟ್ ಕೆಟ್ಟೋಯ್ತು?"

"ಟೀಚರ್, ತಪ್ಪಾಯ್ತು."

ಟೀಚರ್ ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟರು. "ಹದಿನೆಂಟು ವರ್ಷಕ್ಕೆ ಎರಡೇ ಪದ. ಡೈಲಾಗ್ ಕಡಿಮೆ ಮಾಡೋದು ಕೊನೆಗೂ ಕಲಿತ್ರಿ. ಬನ್ನಿ, ಕೂತ್ಕೊಳ್ಳಿ."

ಗಂಟಲಪ್ಪ ಉಗುರಿನ ದೃಶ್ಯದ ಬಗ್ಗೆ ಹೇಳಿದರು, ಹೆಂಡತಿಯ ಬಗ್ಗೆಯೂ ಹೇಳಿದರು. ಟೀಚರ್ ಕರಡಿನ ಹಾಳೆಗಳನ್ನು ಜೋಡಿಸುತ್ತಾ ಕೇಳಿದರು.

"ಅದು ಒಳ್ಳೇ ಸಿನಿಮಾ ಟೀಚರ್. ನೀವು ಆಗಲೇ ಹೇಳಿದ್ರಿ."

"ಪೂರ್ತಿ ಒಳ್ಳೇದು ಅಂತ ನಾನು ಯಾವಾಗ ಹೇಳಿದೆ? ಆ ಸಂತೆ ಇದೆಯಲ್ಲ, ಅದು ಶುದ್ಧ ದಂಡ. ಕೊನೇಲಿ ಆ ಹೆಂಗಸು ಏಳೋದು ಕೂಡ ಹತ್ತು ನಿಮಿಷ ತಡ. ಈಗ ಎಲ್ಲರೂ ತಲೆ ಮೇಲೆ ಹೊತ್ಕೊಂಡು ಕುಣೀತಿದ್ದಾರೆ, ಆಗ ಎಲ್ಲರೂ ಕಾಲಲ್ಲಿ ತುಳಿದ್ರು. ಎರಡೂ ಅತಿಯೇ. ಅದರಲ್ಲಿ ನಲವತ್ತು ನಿಮಿಷ ನಿಜ ಇದೆ. ಅದೇನು ಕಡಿಮೆಯೇ?"

"ಕೊನೇ ಮಾತು ನನ್ನ ಬಾಯಲ್ಲಿ ಕೂರ್ತಾ ಇಲ್ಲ."

"ಹೇಳಿ ನೋಡೋಣ."

ಹೇಳಿದರು. ಟೀಚರ್ ಕಣ್ಣು ಮುಚ್ಚಿ ಕೇಳಿ, ಪೆನ್ಸಿಲ್ ಎತ್ತಿಕೊಂಡರು. "ತಪ್ಪು ನನ್ನದೇ. 'ಬೇಕಲ್ಲ' ಅನ್ನೋದರಲ್ಲಿ ಅವನು ಒಪ್ಪಿಗೆ ಕೇಳ್ತಿದ್ದಾನೆ. ಅವನಿಗೆ ಯಾರ ಒಪ್ಪಿಗೆಯೂ ಬೇಡ. ತೆರೆ ಮೇಲೆ 'ಬೇ' ಹತ್ತಿರ ಆ ನಟನ ತುಟಿ ಕೂಡುತ್ತೆ, ಅಲ್ಲಿಗೆ ಅವನ ಮಾತು ಮುಗಿದು ಹೋಗಿರುತ್ತೆ. ಆ 'ಅಲ್ಲ' ನಾನು ಚಂದಕ್ಕೆ ಅಂಟಿಸಿದ್ದು. ನಿಮಗೆ ಬೈದು ಹೋದೆ, ನನ್ನ ಸಾಲನ್ನ ನಾನೇ ತಿದ್ದಲಿಲ್ಲ." ಎಂದವರೇ ಕರಡಿನ ಅಂಚಿನಲ್ಲಿ ಬರೆದು ಹರಿದು ಕೊಟ್ಟರು: ಯಾರಾದ್ರೂ ಎದ್ದಿರಬೇಕು.

ನಾಲ್ಕನೆಯ ದಿನ ಗಂಟಲಪ್ಪ ಬೆಳಗಿನ ಕೆಲಸವೆಲ್ಲ ಮುಗಿಸಿ, ಬಸ್ಸಿನಲ್ಲಿ ನಿಂತೇ ಬಂದು, ಬೆವರೊರೆಸಿಕೊಳ್ಳುತ್ತಾ ಮೈಕಿನ ಮುಂದೆ ನಿಂತರು. ದನಿ ಕಟ್ಟಲು ಅವರಲ್ಲಿ ತ್ರಾಣವಿರಲಿಲ್ಲ. ಇದ್ದ ದನಿಯಲ್ಲೇ ಹೇಳಿದರು. ಎರಡನೆಯ ಸಲ ಇಂಜಿನಿಯರ್ ಗಾಜಿನಾಚೆಯಿಂದ ತಲೆಯಾಡಿಸಿ, "ಆಯ್ತು ಸರ್. ಮುಂದಿನದು, ಕೆಮ್ಮು" ಎಂದಳು. ಕೆಮ್ಮಿದರು. ಅದೂ ಸರಿಯಾಯಿತು.

ಸಿನಿಮಾ ಬಿಡುಗಡೆಯಾಗಿ ಎರಡು ವಾರ ಓಡಿತು. ಅಂಥ ಗದ್ದಲವೇನೂ ಆಗಲಿಲ್ಲ. ಪತ್ರಿಕೆಯೊಂದು ಹೊಗಳಿತು, ಇನ್ನೊಂದು 'ನಿದ್ದೆ ಬರಿಸುವ ನಿದ್ದೆಯ ಕತೆ' ಎಂದಿತು. ಕ್ಷೌರಿಕ ಕತ್ತರಿ ಆಡಿಸುತ್ತಾ, "ನನಗಂತೂ ಹಳೇ ಡೈಲಾಗೇ ಚೆನ್ನಾಗಿತ್ತು ಸಾರ್. ನಗೋಕಾದ್ರೂ ಆಗ್ತಿತ್ತು" ಎಂದ.

ಒಂದು ಸಂಜೆ ಟೀಚರ್ ಫೋನ್ ಮಾಡಿದರು. "ನೋಡ್ಕೊಂಡು ಬಂದೆ. ಕೊಳವೆ ಒಡೆಯೋ ಕಡೆ ಅವನು ತನಗೆ ತಾನೇ 'ಹಿಡಿದುಕೋ' ಅನ್ನೋದನ್ನ 'ಇಡಿದುಕೋ' ಅಂದಿದ್ದೀರಿ. ಹಕಾರ ನುಂಗಿದ್ದೀರಿ."

"ಆಗ ಉಸಿರು ಸಾಲಲಿಲ್ಲ ಟೀಚರ್."

"ಕ್ಯಾಪ್ಟನ್‌ಗೂ ಸಾಲ್ತಿರಲಿಲ್ಲ ಬಿಡಿ. ಉಳಿದದ್ದು ಪರವಾಗಿಲ್ಲ. ನಿಮ್ಮವರು ಹೇಗಿದ್ದಾರೆ? ಭಾನುವಾರ ಬಂದು ನೋಡ್ತೀನಿ."

ಗಂಟಲಪ್ಪ ಫೋನ್ ಇಟ್ಟು ವಿಷಯ ತಿಳಿಸಿದರು. ಹೆಂಡತಿ ಹಜಾರದ ಐದನೇ ಸುತ್ತಿನಲ್ಲಿದ್ದರು. ಊರುಗೋಲಿನ ಮೇಲೆ ಭಾರ ಹಾಕಿ ನಿಂತು, "ಭಾನುವಾರ ಅಂದ್ರೆ ನಾಡಿದ್ದು. ಈ ಹಾಳು ಕೊಂಪೇನ ಮೊದಲು ಒಪ್ಪ ಮಾಡ್ರೀ" ಎಂದರು.

"ಮಾಡೋಣ" ಎಂದು ಗಂಟಲಪ್ಪ ಕುರ್ಚಿಯ ಮೇಲಿದ್ದ ಬಟ್ಟೆಯ ರಾಶಿಯನ್ನು ಪಕ್ಕಕ್ಕೆ ಸರಿಸಿ, ಸರಿಸಿದ ಜಾಗದಲ್ಲಿ ಮೆಲ್ಲಗೆ ಕೂತರು.